ಜೀಪಿನ ಹಿಂದಿನ ಆ್ಯಕ್ಸಲ್ ಬದಲಾಯಿಸುವಾಗ ಪರ್ಚ್ ಎಲ್ಲಿ ಕೂರಬೇಕು?

ಹಳೇ ಜೀಪಿಗೆ ಬೇರೆ ಗಾಡಿಯ ಹಿಂದಿನ ಆ್ಯಕ್ಸಲ್ ತಂದಿಟ್ಟಿದ್ದೆ. ಅದರ ಪರ್ಚ್‌ಗಳು, ಅಂದ್ರೆ ಲೀಫ್ ಸ್ಪ್ರಿಂಗ್ ಕೂರುವ ಪಟ್ಟಿಗಳು, ನನ್ನ ಸ್ಪ್ರಿಂಗ್‌ಗಳ ಅಗಲಕ್ಕೆ ಹೊಂದಲಿಲ್ಲ. ಕತ್ತರಿಸಿ ಹೊಸದು ವೆಲ್ಡ್ ಮಾಡಬೇಕು, ಅಷ್ಟೇ ಅಲ್ವಾ ಅಂದುಕೊಂಡೆ.

ಮೊದಲ ಸಲ ಡಿಫರೆನ್ಷಿಯಲ್ ಗುಂಡನ್ನೇ, ಅಂದ್ರೆ ಆ್ಯಕ್ಸಲ್‌ನಲ್ಲಿ ಗೇರ್‌ಗಳಿರುವ ಉಬ್ಬನ್ನೇ, ನಡುಮಧ್ಯ ಅಂತ ಹಿಡಿದು ಅಳೆದೆ. ಸುಮ್ನೆ ಅರ್ಧ ದಿನ ಹಾಳು. ಆ ಗುಂಡು ಎಷ್ಟೋ ಆ್ಯಕ್ಸಲ್‌ಗಳಲ್ಲಿ ಒಂದು ಪಕ್ಕಕ್ಕೆ ಸರಿದಿರುತ್ತೆ. ಎರಡೂ ಕಡೆ ಚಕ್ರ ಕೂರುವ ಮುಖದಿಂದ ಒಳಕ್ಕೆ ಅಳೆಯಬೇಕು.

ಆಮೇಲೆ ಪಿನಿಯನ್ ಕೋನ, ಅಂದ್ರೆ ಡ್ರೈವ್ ಶಾಫ್ಟ್ ಬಂದು ಸೇರುವ ಆ್ಯಕ್ಸಲ್‌ನ ಮೂಗು ಎಷ್ಟು ಮೇಲೆ ಅಥವಾ ಕೆಳಗೆ ನೋಡುತ್ತೆ ಅನ್ನೋದು. ನಿಜವಾದ ತಲೆನೋವು ಇದೇ. ಪರ್ಚ್‌ಗಳನ್ನು ವೆಲ್ಡ್ ಮಾಡದೆ ಸುಮ್ನೆ ಇಟ್ಟು, ಆ್ಯಕ್ಸಲ್ ಅನ್ನು ಸ್ಪ್ರಿಂಗ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲವಾಗಿ ಕಟ್ಟಿ, ಗಾಡಿಯ ಪೂರ್ತಿ ಭಾರ ಚಕ್ರಗಳ ಮೇಲೆ ಇಳಿಸಿ, ಆಮೇಲೆ ಆ್ಯಕ್ಸಲ್ ತಿರುಗಿಸಿ ಕೋನ ಹಿಡಿಯಬೇಕು. ಜಾಕ್ ಮೇಲೆ ತೂಗಾಡುವಾಗ ಅಳೆದರೆ ಲೆಕ್ಕಕ್ಕಿಲ್ಲ. ಎರಡು ತುದಿಯಲ್ಲೂ ಸಾಮಾನ್ಯ ಯು-ಜಾಯಿಂಟ್ (ಬಾಗಿ ತಿರುಗುವ ಕೀಲು) ಇರುವ ಡ್ರೈವ್ ಶಾಫ್ಟ್ ಆದ್ರೆ ಪಿನಿಯನ್, ಟ್ರಾನ್ಸ್‌ಫರ್ ಕೇಸ್‌ನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಔಟ್‌ಪುಟ್‌ಗೆ ಸಮಾನಾಂತರವಾಗಿರಬೇಕು. ನಾನು ಅದಕ್ಕಿಂತ 2 ಡಿಗ್ರಿ ಕೆಳಗೆ ಬಿಟ್ಟೆ, ಯಾಕಂದ್ರೆ ಎಳೆತ ಬಿದ್ದಾಗ ಲೀಫ್ ತಿರುಚಿ ಪಿನಿಯನ್ ಮೂಗು ಮೇಲೇಳುತ್ತೆ. ಒಂದು ತುದಿಯಲ್ಲಿ ಜೋಡಿ ಯು-ಜಾಯಿಂಟ್ ಇರುವ ಡಬಲ್ ಕಾರ್ಡನ್ ಶಾಫ್ಟ್ ಇದ್ರೆ ಲೆಕ್ಕವೇ ಬೇರೆ.

ಮೊದಲು ಟ್ಯಾಕ್ ಮಾತ್ರ, ಅಂದ್ರೆ ಚುಕ್ಕೆಯಷ್ಟು ವೆಲ್ಡ್. ಪೂರ್ತಿ ವೆಲ್ಡ್ ಮಾಡುವಾಗ ಒಂದಿಂಚು ಇಲ್ಲಿ, ಒಂದಿಂಚು ಅಲ್ಲಿ, ನಡುವೆ ಚಹಾ. ಒಂದೇ ಸಮ ಎಳೆದರೆ ಆ್ಯಕ್ಸಲ್‌ನ ಟ್ಯೂಬ್ ಬಾಗುತ್ತೆ.