ಪ್ಯಾರಾಟ್ರೂಪರ್‌ಗಳು ಕಾಡಲ್ಲಿ ಯಾಕೆ ನಡೆದರು?

ಮನೆಗೆ ಬಂದವರು ನನ್ನ ಕಪಾಟಿನಲ್ಲಿರುವ ವಿಯೆಟ್ನಾಂ ಯುದ್ಧದ ಪುಸ್ತಕಗಳನ್ನು ನೋಡಿ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳುತ್ತಾರೆ. "ಅಮೆರಿಕದ ಹತ್ರ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವ ಸೈನಿಕರಿದ್ದರಲ್ಲ, ಅವರನ್ನು ಶತ್ರುವಿನ ತಲೆ ಮೇಲೇ ಇಳಿಸಿ ಹಿಡಿದುಹಾಕಬಹುದಿತ್ತು ಅಲ್ವಾ?"

ಒಂದು ಸಲ ಅದನ್ನೇ ಮಾಡಿದರು.

1967ರ ಫೆಬ್ರವರಿ 22. ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್‌ನಿಂದ ವಾಯವ್ಯಕ್ಕೆ, ಕಾಂಬೋಡಿಯಾದ ಗಡಿಗೆ ಅಂಟಿಕೊಂಡಿರುವ ತಾಯ್ ನಿನ್ಹ್ ಪ್ರಾಂತ್ಯದ ಕಾಡು. ದಕ್ಷಿಣದ ಯುದ್ಧವನ್ನೆಲ್ಲ ನಡೆಸುತ್ತಿದ್ದ ಕಮ್ಯುನಿಸ್ಟರ ಕೇಂದ್ರ ಕಚೇರಿ ಅಲ್ಲೇ ಎಲ್ಲೋ ಇದೆ ಅನ್ನುವುದು ಅಮೆರಿಕನ್ನರ ಲೆಕ್ಕ. ಅದನ್ನು ಹುಡುಕಲು 'ಜಂಕ್ಷನ್ ಸಿಟಿ' ಅನ್ನುವ ಕಾರ್ಯಾಚರಣೆ ಶುರುವಾಯಿತು. ಕುದುರೆ ಲಾಳದ ಹಾಗೆ ಮೂರು ಕಡೆ ಸೈನ್ಯ ನಿಲ್ಲಿಸಿ, ತೆರೆದಿದ್ದ ದಕ್ಷಿಣದ ಬಾಯಿಯಿಂದ ಮಾರನೇ ದಿನ ಟ್ಯಾಂಕು, ಕವಚದ ಗಾಡಿಗಳನ್ನು ನುಗ್ಗಿಸುವ ಯೋಜನೆ. ಮಲೆನಾಡಿನ ಷಿಕಾರಿಯಲ್ಲಿ ಒಂದಷ್ಟು ಜನ ಹಳು ನುಗ್ಗಿ ಪ್ರಾಣಿ ಎಬ್ಬಿಸುತ್ತಿದ್ದರು, ಕೋವಿ ಹಿಡಿದವರು ಆಚೆ ಕಾದು ನಿಲ್ಲುತ್ತಿದ್ದರಲ್ಲ, ಅದೇ ಥರ.

ಬೆಳಿಗ್ಗೆ 9 ಗಂಟೆಗೆ ಕಟುಮ್ ಎಂಬಲ್ಲಿ ಸಿ-130 ವಿಮಾನಗಳಿಂದ 173ನೇ ಏರ್‌ಬಾರ್ನ್ ಬ್ರಿಗೇಡ್‌ನ 845 ಜನ ಹಾರಿದರು. ಮೊದಲು ಹಾರಿದ್ದು ಬ್ರಿಗೇಡ್‌ನ ಮುಖ್ಯಸ್ಥ ಜಾನ್ ಡೀನ್. ಹನ್ನೊಂದು ಜನರಿಗೆ ಸಣ್ಣಪುಟ್ಟ ಪೆಟ್ಟು, ಸತ್ತವರು ಯಾರೂ ಇಲ್ಲ. ಕೊರಿಯಾ ಯುದ್ಧದ ನಂತರ ಅಮೆರಿಕದವರು ಹೀಗೆ ಯುದ್ಧದಲ್ಲಿ ಹಾರಿದ್ದು ಇದೇ ಮೊದಲು. ವಿಯೆಟ್ನಾಂನಲ್ಲಿ ಇಷ್ಟು ದೊಡ್ಡದಾಗಿ ಹಾರಿದ್ದು ಇದೇ ಕೊನೆ.

ಯಾಕೆ ಕೊನೆ? ಮುಖ್ಯ ಕಾರಣ ಹೆಲಿಕಾಪ್ಟರ್. ಪ್ಯಾರಾಚೂಟ್‌ಗೆ ದೊಡ್ಡ ಬಯಲು ಬೇಕು, ಕಾಡಿನ ಮೇಲೆ ಹಾರಿದರೆ ಮರಕ್ಕೆ ನೇತಾಡಬೇಕಾಗುತ್ತದೆ. ಬಯಲಿಗೇ ಇಳಿದರೂ ಜನ ಚೆಲ್ಲಾಪಿಲ್ಲಿ, ಒಟ್ಟುಗೂಡಿಸುವುದೇ ಒಂದು ಕೆಲಸ. ಹೆಲಿಕಾಪ್ಟರ್ ಹಾಗಲ್ಲ, ಒಂದು ತಂಡವನ್ನು ಒಂದೇ ಕಡೆ ಬಿಡುತ್ತದೆ, ಗಾಯಗೊಂಡವರನ್ನು ಎತ್ತಿಕೊಂಡು ಹೋಗುತ್ತದೆ. ಪ್ಯಾರಾಚೂಟ್ ಇಳಿಸುತ್ತದೆ ಅಷ್ಟೇ, ವಾಪಸ್ ಕರೆದುಕೊಂಡು ಹೋಗುವುದಿಲ್ಲ. ಹಾಗಾದರೆ ಆವತ್ತು ಯಾಕೆ ಹಾರಿದರು ಅಂತೀರಾ? ಆ ಒಂದೇ ದಿನ ಸುಮಾರು 250 ಹೆಲಿಕಾಪ್ಟರ್‌ಗಳು ಬೇರೆ ಕಡೆ ಜನ ಸಾಗಿಸುತ್ತಿದ್ದವು. ಒಂದು ಬೆಟಾಲಿಯನ್ ಹಾರಿದರೆ ಅದನ್ನು ಸಾಗಿಸಲು ಬೇಕಾಗುವಷ್ಟು ಹೆಲಿಕಾಪ್ಟರ್ ಉಳಿಯುತ್ತದೆ. ಜೊತೆಗೆ, ಹಾರುವ ಭತ್ಯೆ ತೆಗೆದುಕೊಳ್ಳುವ ಸೈನಿಕರನ್ನು ಒಮ್ಮೆಯಾದರೂ ಹಾರಿಸಿ ನೋಡುವ ಆಸೆಯೂ ಮೇಲಿನವರಿಗೆ ಇತ್ತು ಅಂತ ನನಗನ್ನಿಸುತ್ತದೆ.

ಇಳಿದ ಮೇಲೆ ಶುರುವಾಗಿದ್ದೇ ನಿಜವಾದ ಕೆಲಸ. ನಡೆಯುವುದು. ಮುಂದೊಬ್ಬ ಬಿದಿರು ಮೆಳೆ, ಬಳ್ಳಿ ಸವರಿಕೊಂಡು ಹೋಗಬೇಕು, ನೆಲದ ಮೇಲೂ ಕಣ್ಣು, ಮರದ ಮೇಲೂ ಕಣ್ಣು, ಎಲ್ಲಿ ತಂತಿ ಕಟ್ಟಿದ್ದಾರೋ ಎಲ್ಲಿ ಗುಂಡಿ ತೋಡಿದ್ದಾರೋ ಗೊತ್ತಿಲ್ಲ, ಬೆನ್ನ ಮೇಲಿನ ಹೊರೆ ಬೇರೆ. ಮೇಲಿಂದ ನೋಡಿದರೆ ಹಸಿರು ಬಿಟ್ಟರೆ ಏನೂ ಇಲ್ಲ.

ಅಡುಗೆ ಮಾಡಿದರೆ ಹೊಗೆಯಾದರೂ ಕಾಣಬೇಕಲ್ಲ? ಅದಕ್ಕೂ ಕಮ್ಯುನಿಸ್ಟರು ದಾರಿ ಕಂಡುಕೊಂಡಿದ್ದರು. ಫ್ರೆಂಚರ ಜೊತೆಗಿನ ಯುದ್ಧದ ಕಾಲದಲ್ಲೇ ಹೊಆಂಗ್ ಕಾಮ್ ಎಂಬ ಅವರ ಸೇನೆಯ ಅಡುಗೆಯವನು ಒಂದು ಒಲೆ ಮಾಡಿದ್ದ. ನೆಲದಲ್ಲಿ ಗುಂಡಿ ತೋಡಿ ಒಲೆ ಹೂಡುವುದು, ಅದರಿಂದ ಉದ್ದುದ್ದ ಕಾಲುವೆ ತೆಗೆದು ಕೊಂಬೆ, ಮಣ್ಣು ಮುಚ್ಚುವುದು. ಹೊಗೆ ಆ ಕಾಲುವೆಗಳಲ್ಲಿ ತಣ್ಣಗಾಗಿ, ಅಲ್ಲಲ್ಲಿ ತೆಳ್ಳಗೆ ಸೋರಿ, ಬೆಳಗಿನ ಮಂಜಿನ ಹಾಗೆ ನೆಲದ ಮೇಲೇ ಹರಡಿ ಕರಗಿಹೋಗುತ್ತಿತ್ತು. ಸೌದೆ ಒಲೆಯ ಮುಂದೆ ಕೂತು ಕಣ್ಣು ಉಜ್ಜಿಕೊಂಡವರಿಗೆ ಇದು ಎಂಥ ತಲೆ ಅಂತ ಗೊತ್ತಾಗುತ್ತದೆ. ಈ ಒಲೆಗೆ ಇವತ್ತಿಗೂ ಅವನದೇ ಹೆಸರು.

ಏನೂ ಸಿಗಲಿಲ್ಲ ಅಂತಲ್ಲ. ಫೆಬ್ರವರಿ 28ರಂದು ಇದೇ ಬ್ರಿಗೇಡ್‌ಗೆ ನೆಲದಡಿಯ ಫೋಟೋ ಸ್ಟುಡಿಯೋ ಒಂದು ಸಿಕ್ಕಿತು. ಒಳಗೆ 120 ಸಿನಿಮಾ ರೀಲು, ರಾಶಿ ಫೋಟೋಗಳು. ಇಡೀ ಕಾರ್ಯಾಚರಣೆಯಲ್ಲಿ 800 ಟನ್‌ಗಿಂತ ಜಾಸ್ತಿ ಅಕ್ಕಿಯೂ ಸಿಕ್ಕಿತು. ಸಿಗದೇ ಹೋಗಿದ್ದು ಆ ಕೇಂದ್ರ ಕಚೇರಿ. ಹುಡುಕುವವರ ತಲೆಯಲ್ಲಿದ್ದದ್ದು ಒಂದು ಜಾಗ. ಅಲ್ಲಿದ್ದದ್ದು ಜನ, ಕಾಗದ, ರೇಡಿಯೋ, ಎಲ್ಲವೂ ಹೊತ್ತುಕೊಂಡು ಹೋಗುವಂಥದ್ದೇ. ಗಡಿ ದಾಟಿ ಕಾಂಬೋಡಿಯಾಕ್ಕೆ ಹೋದರು, ಅಮೆರಿಕದ ಸೈನ್ಯಕ್ಕೆ ಅಲ್ಲಿಗೆ ಹಿಂಬಾಲಿಸಿ ಹೋಗುವ ಅಪ್ಪಣೆ ಇರಲಿಲ್ಲ.

82 ದಿನ ನಡೆದು ಮೇ 14ಕ್ಕೆ ಮುಗಿಯಿತು. ಅಮೆರಿಕದ 282 ಸೈನಿಕರು ಸತ್ತಿದ್ದರು. ಎದುರಾಳಿಗಳು 2,728 ಜನ ಅಂತ ಅಮೆರಿಕದ ಲೆಕ್ಕ, ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅಮೆರಿಕದ ಸೈನ್ಯದ ಬಹುಪಾಲು ವಾಪಸ್ ಬಂತು, ಗಡಿ ದಾಟಿ ಹೋದವರು ಮೆಲ್ಲಗೆ ಮತ್ತೆ ಆ ಕಾಡಿಗೆ ಬಂದರು.

ಆವತ್ತು ಹಾರಿದ್ದು ಆ ಬ್ರಿಗೇಡ್‌ಗೆ ಸೇರಿದ 503ನೇ ಪದಾತಿ ದಳದ 2ನೇ ಬೆಟಾಲಿಯನ್. ಅದೇ ವರ್ಷ ನವೆಂಬರ್‌ನಲ್ಲಿ ಅದನ್ನು ಡಾಕ್ ತೋ ಎಂಬ ಊರಿನ ಹತ್ತಿರ 'ಹಿಲ್ 875' ಅನ್ನುವ ಗುಡ್ಡಕ್ಕೆ ಕಳಿಸಿದರು. ಅಲ್ಲಿ ತಮ್ಮದೇ ಕಡೆಯ ವಿಮಾನ ಹಾಕಿದ ಬಾಂಬ್ ಕೂಡ ಅವರ ಮೇಲೆ ಬಿತ್ತು. ಆ ಗುಡ್ಡವನ್ನು ಅವರು ಹತ್ತಿದ್ದು ನಡೆದುಕೊಂಡೇ.