ಅವರ ಹೆಂಡತಿ ಹೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ

"ರಾತ್ರಿ ಎಲ್ಲಾ ಪಂಪ್‌ಸೆಟ್ ಮೋಟಾರು ಬಿಚ್ಚಿಕೊಂಡು ಕೂರ್ತಾರೆ ಸಿಸ್ಟರ್. ಮಲಗಿ ಅಂದ್ರೆ ಸಿಟ್ಟು."

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಹೆಂಡತಿ ಹೀಗೆ ಹೇಳಿದಾಗ ನಾನು ಗೌಡ್ರ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದೆ. ಗೌಡ್ರಿಗೆ ಪಾರ್ಕಿನ್ಸನ್, ಕೈ ನಡುಗಿ ಮೈ ಬಿಗಿಯುವ ಕಾಯಿಲೆ. ಶಿವಮೊಗ್ಗದ ನಮ್ಮ ನ್ಯೂರೋ ಓಪಿಡಿಯಲ್ಲಿ ಆಗ ಇನ್ನೂ 40 ಟೋಕನ್ ಬಾಕಿ. "ಮೊದಲು ಸ್ಪ್ಯಾನರ್ ಹಿಡಿಯೋಕೂ ಆಗ್ತಿರಲಿಲ್ಲ ಅಲ್ವಾ ಅಮ್ಮ? ಈಗ ಕೆಲಸ ಮಾಡ್ತಿದ್ದಾರಲ್ಲ, ಖುಷಿ ಪಡಿ" ಅಂದೆ. ಅವರು ಇನ್ನೇನೋ ಹೇಳಲು ಹೊರಟರು. ಗಂಡನ ಮುಖ ನೋಡಿ ಸುಮ್ಮನಾದರು. ನಾನು ಫೈಲಿನಲ್ಲಿ 'ನಡುಕ ಕಡಿಮೆ, ಆರಾಮ' ಎಂದು ಬರೆದು ಒಳಗೆ ಕಳಿಸಿದೆ. ಆ 'ಆರಾಮ' ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಮೂರು ತಿಂಗಳಾದ ಮೇಲೆ ಟೋಕನ್ ಕೂಡ ತೆಗೆದುಕೊಳ್ಳದೆ ಮಗ ನುಗ್ಗಿ ಬಂದ. ಕೈಯಲ್ಲಿ ಪಾಸ್‌ಬುಕ್. ಹಿಂದೆ ತಲೆ ತಗ್ಗಿಸಿಕೊಂಡು ಗೌಡ್ರು, ಅವರ ಹಿಂದೆ ಅಮ್ಮ. ಬೆಳೆ ಕೊಯ್ಯುವ ಮೊದಲೇ ಮಂಡಿಯಿಂದ ಮುಂಗಡ ತೆಗೆದಿದ್ದರಂತೆ. ಅಷ್ಟೂ ದುಡ್ಡು ಓಸಿಗೆ, ಅಂದರೆ ನಂಬರ್ ಜೂಜಿಗೆ, ಹೋಗಿದೆ. ಜೀವಮಾನದಲ್ಲಿ ಇಸ್ಪೀಟು ಮುಟ್ಟದ ಮನುಷ್ಯ. "ಅಪ್ಪಯ್ಯಂಗೆ ಈ ವಯಸ್ಸಲ್ಲಿ ಎಂತ ಬಂತು?" ಎಂದು ಮಗ ಕೂಗಿದ. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಆಗ ಎರಡನೇ ತಪ್ಪು ಮಾಡಿದೆ. ಅಷ್ಟು ಜನರೆದುರು "ಹೌದಾ ಗೌಡ್ರೇ?" ಎಂದು ಕೇಳಿಬಿಟ್ಟೆ. "ಇಲ್ಲ" ಅಂದರು. ಇನ್ನೇನು ಹೇಳುತ್ತಾರೆ ಪಾಪ?

ಮಗ ಚೀಲದಿಂದ ಮಾತ್ರೆ ಸ್ಟ್ರಿಪ್‌ಗಳನ್ನು ತೆಗೆದು ಮೇಜಿನ ಮೇಲೆ ಬಿಸಾಕಿದ. "ಎಲ್ಲಾ ಈ ಮಾತ್ರೆಯಿಂದಲೇ ಅಂತೆ. ಇವತ್ತಿಂದ ಒಂದೂ ಕೊಡಲ್ಲ!" ನನ್ನ ಎದೆ ಧಸಕ್ಕೆಂದಿತು. ಪಾರ್ಕಿನ್ಸನ್ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಸೆಟೆದು, ಜ್ವರ ಏರಿ, ಜೀವಕ್ಕೇ ಕುತ್ತು ಬರಬಹುದು. ಸ್ಟ್ರಿಪ್‌ಗಳ ಮೇಲೆ ಕೈ ಇಟ್ಟುಕೊಂಡೇ "ಐದು ನಿಮಿಷ ಕೊಡಪ್ಪ" ಅಂದೆ.

ಗೌಡ್ರನ್ನು ಇಸಿಜಿ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. "ಇದು ನಿಮ್ಮ ಬುದ್ಧಿ ಕೆಟ್ಟಿದ್ದಲ್ಲ. ಈ ಮಾತ್ರೆ ತಗೊಳ್ಳೋ ಬೇರೆಯವರಿಗೂ ಹೀಗೆ ಆಗುತ್ತೆ" ಅಂದೆ. ಉತ್ತರ ಇಲ್ಲ. ಹೊರಗಿನಿಂದ ಯಾರೋ ಎರಡು ಸಲ ಬಾಗಿಲು ಬಡಿದರು. ತೆಗೆಯಲಿಲ್ಲ. ಕೊನೆಗೆ ಅವರೇ, "ನಂಬರ್ ಬರೆಸದಿದ್ರೆ ಜೀವ ತಡೆಯಲ್ಲ ಸಿಸ್ಟರ್. ಬೇಡ ಅಂತ ಗೊತ್ತು, ಆದ್ರೂ ಕಾಲು ಅಲ್ಲಿಗೇ ಹೋಗುತ್ತೆ" ಅಂದರು. ಇನ್ನೂ ಒಂದು ವಿಷಯ ಹೇಳಿದರು. ಅದು ಡಾಕ್ಟರ ಕಿವಿಗೆ ಮಾತ್ರ ಹೋಯಿತು.

ಡಾಕ್ಟರು ಹಳೇ ಚೀಟಿ ತಿರುವಿದರು. ಮಳೆಗಾಲದಲ್ಲಿ ಪ್ರಮಿಪೆಕ್ಸೋಲ್ ಎಂಬ ಪಾರ್ಕಿನ್ಸನ್ ಮಾತ್ರೆಯ ಡೋಸ್ ಏರಿಸಿದ್ದರು. ದೀಪಾವಳಿ ಹೊತ್ತಿಗೆ ಮೋಟಾರು ಬಿಚ್ಚುವುದು ಶುರುವಾಗಿತ್ತು. ಬೇಕು ಬೇಕು ಅನಿಸುವ ಮೆದುಳಿನ ಭಾಗವನ್ನೂ ಈ ಜಾತಿಯ ಮಾತ್ರೆ ಕೆರಳಿಸುತ್ತದೆ. ಕೆಲವರಿಗೆ ಜೂಜು, ಕೆಲವರಿಗೆ ಖರೀದಿ, ಊಟ, ಕಾಮ. ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದಕ್ಕೆ ಪಂಡಿಂಗ್ ಎನ್ನುತ್ತಾರೆ. ಅಮೆರಿಕ, ಕೆನಡಾದ 3,090 ಪಾರ್ಕಿನ್ಸನ್ ರೋಗಿಗಳನ್ನು ನೋಡಿದ 2010ರ ಅಧ್ಯಯನ ಒಂದಿದೆ. ಈ ಜಾತಿಯ ಮಾತ್ರೆ ತಗೊಳ್ಳುವವರಲ್ಲಿ ನೂರಕ್ಕೆ 17 ಮಂದಿಗೆ ಜೂಜು, ಖರೀದಿಯಂಥ ಯಾವುದಾದರೊಂದು ಚಟ ಇತ್ತು. ತಗೊಳ್ಳದವರಲ್ಲಿ ಸುಮಾರು 7. ಇಷ್ಟು ಜಾಸ್ತಿ ಇರುವುದನ್ನು ನಾವು ಕೇಳುವುದೇ ಇಲ್ಲ!

ಪ್ರಮಿಪೆಕ್ಸೋಲನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ಪಾರ್ಕಿನ್ಸನ್‌ನ ಇನ್ನೊಂದು ಮಾತ್ರೆ ಲೆವೊಡೋಪಾ ಮುಂದುವರಿಸಿದರು. ದುಡ್ಡಿನ ವ್ಯವಹಾರ ಮಗನ ಕೈಗೆ ಹೋಯಿತು.

ನಮ್ಮ ಫಾರಂನಲ್ಲಿ ನಡುಕಕ್ಕೆ, ನಡಿಗೆಗೆ, ಮಲಬದ್ಧತೆಗೂ ಕಾಲಂ ಇದೆ. ಇದಕ್ಕಿಲ್ಲ. ಒಂದು ಸಾಲು ಸೇರಿಸಿ ಎಂದು ಬರೆದುಕೊಟ್ಟೆ. ಹಳೇ ಫಾರಂ ಸ್ಟಾಕ್ ಮುಗಿಯಲಿ ಅಂದರು ಮೇಲಿನವರು. ಒಬ್ಬರಿಗೆ ಮೂರು ನಿಮಿಷ ಅಂತ ಲೆಕ್ಕ ಹಾಕುವವರಿಗೆ ಇದು ಹೇಗೆ ಅರ್ಥ ಆಗಬೇಕು? ಈಗ ನಾನೇ ಅಡಿಯಲ್ಲಿ ಪೆನ್ನಿನಿಂದ ಬರೆಯುತ್ತೇನೆ: ದುಡ್ಡು, ಖರೀದಿ, ತಿನ್ನುವುದು, ರಾತ್ರಿ ಏನು ಮಾಡುತ್ತಾರೆ, ಗಂಡ ಹೆಂಡತಿ ವಿಷಯ. ರೋಗಿಯನ್ನು ಒಬ್ಬರೇ ಇದ್ದಾಗ ಕೇಳುತ್ತೇನೆ. ಮನೆಯವರನ್ನು ಬೇರೆ ಕೂರಿಸಿ ಕೇಳುತ್ತೇನೆ. ಟೋಕನ್ ತಡವಾಗುತ್ತದೆ, ಬೈಸಿಕೊಳ್ಳುತ್ತೇನೆ.

ಹೋದ ತಿಂಗಳು ಗೌಡ್ರು ಬಂದಿದ್ದರು. ಬಲಗೈ ನಡುಕ ಮತ್ತೆ ಸ್ವಲ್ಪ ಜಾಸ್ತಿಯಾಗಿದೆ. ಮಂಡಿ ಸಾಲ ತೀರಲು ಇನ್ನೆರಡು ಕೊಯ್ಲಾದರೂ ಬೇಕಂತೆ. ಅಮ್ಮನನ್ನು ಪಕ್ಕಕ್ಕೆ ಕರೆದು ರಾತ್ರಿ ಹೇಗೆ ಎಂದು ಕೇಳಿದೆ. "ಮಲಗ್ತಾರೆ ಸಿಸ್ಟರ್. ಮೋಟಾರು ಮಾತ್ರ ಬಿಚ್ಚಿದ ಹಾಗೇ ಬಿದ್ದಿದೆ, ಮೆಕ್ಯಾನಿಕ್‌ಗೆ ಹೇಳಿದ್ದೀವಿ" ಅಂದರು.