ಆಯಿಯ ಬೆರಳು, ನಮ್ಮ ಆಟದ ಗೇಟು

ಬುಧವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ‘ನಾ ಇಲ್ಲೇ ನಿಂತೀನಲ್ಲೋ ತಮ್ಮಾ!’

ರೇಷನ್ ಅಂಗಡಿ ಮುಂದೆ ಆಯಿ ಅಂದಿದ್ದು. ಹೆಬ್ಬೆರಳು ಇಟ್ಟಳು, ಮಷೀನು ತಗೊಳ್ಳಲಿಲ್ಲ. ತೋರುಬೆರಳು ಇಟ್ಟಳು, ಅದೂ ಇಲ್ಲ. ಅಂಗಡಿಯವರು ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ ಮತ್ತೆ ಇಡಿಸಿದರು. ಹತ್ತೂ ಬೆರಳು ಮುಗಿದವು. ಓಟಿಪಿಗೆ ಕೊಟ್ಟಿದ್ದ ನಂಬರು ತೀರಿಕೊಂಡ ಅಜ್ಜನದು. ‘ನನಗ ಗೊತ್ತೈತಿ ಆಯಿ, ಮಷೀನಿಗೆ ಗೊತ್ತಾಗವಲ್ದು. ನಾಳೆ ಬಾ’ ಅಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಖ ಸಣ್ಣದು ಮಾಡಿಕೊಂಡೇ ಹೇಳಿದರು. ಸಿಟ್ಟು ಬಂದದ್ದು ಹಿಂದೆ ನಿಂತು ‘ಸರೀರಿ ಸರೀರಿ, ಹೊತ್ತಾತು’ ಅಂದವರ ಮೇಲೆ. ನಮ್ಮ ಸಾಲುಮನೆಯವರೇ. ಪಂಚಮಿಗೆ ಆಯಿ ಕೈಯ ಶೇಂಗಾ ಉಂಡಿ ತಿಂದವರು. ‘ಹೌದ್ರಿ, ಈಕಿ ನಮ್ಮ ಆಯಿನ’ ಅಂತ ಒಂದು ಮಾತು ಬರಲಿಲ್ಲ ಅವರ ಬಾಯಲ್ಲಿ.

ಇದು ನನಗೆ ಇಷ್ಟು ಚುಚ್ಚಲು ಇನ್ನೊಂದು ಕಾರಣವಿದೆ. ಹಿಂದಿನ ರಾತ್ರಿಯಷ್ಟೇ ನಕಲಿ ಐಡಿಯ ರೂಲ್ಸ್ ಬರೆದು ಮುಗಿಸಿದ್ದೆ. ನಾವು ನಾಲ್ವರು ಭಾನುವಾರ ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ, ಎಲ್ಲೆಲ್ಲೂ ಮಷೀನು ತುಂಬಿದ ಮುಂದಿನ ಕಾಲದ ಕಥೆಯ ಸೈಬರ್‌ಪಂಕ್ ಆಟಕ್ಕೆ. ಊರು ಬಾಗಲಕೋಟೆಯೇ, ವರ್ಷ 2090. ಊರಿನ ಹೊಸ ಭಾಗ ನವನಗರ ಹೇಗೂ ಸೆಕ್ಟರ್ ಸೆಕ್ಟರ್ ಆಗಿಯೇ ಇದೆ. ಒಂದೊಂದು ಸೆಕ್ಟರಿಗೂ ಒಂದು ಗೇಟು ನಿಲ್ಲಿಸಿದೆ. ನೀನು ಯಾರು ಅನ್ನೋದು ಐಡಿ. ನೀನು ಎಲ್ಲಿವರೆಗೆ ಹೋಗಬಹುದು ಅನ್ನೋದು ಕ್ಲಿಯರೆನ್ಸ್, 0ರಿಂದ 5. ಇವೆರಡನ್ನು ಬೇರೆ ಇಟ್ಟಿದ್ದಕ್ಕೆ ನನಗೆ ಹೆಮ್ಮೆಯಿತ್ತು. ಒಳ್ಳೆ ನಕಲಿ ಐಡಿ ಇದ್ದರೂ ಕ್ಲಿಯರೆನ್ಸ್ ಇಲ್ಲದಿದ್ದರೆ ಹೊರಗೇ.

ಗೇಟುಗಳಿಗೂ ದರ್ಜೆ ಇದೆ. ಎಲ್ಲಕ್ಕಿಂತ ಸಣ್ಣ ಗೇಟು ನಂಬರಿನ ಲೆಕ್ಕ ಮಾತ್ರ ನೋಡುತ್ತದೆ. ಈ ಉಪಾಯ ಸಿಕ್ಕಿದ್ದು ಆಧಾರ್‌ನಿಂದ. ಅದರ 12ನೇ ಅಂಕಿ ಮೊದಲ 11 ಅಂಕಿಗಳಿಂದ ಲೆಕ್ಕ ಹಾಕಿ ಬರುವಂಥದ್ದು. ಆ ಲೆಕ್ಕದ ರೀತಿ ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ್ದು. ಒಂದಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೂ ಸಿಕ್ಕಿಬೀಳುತ್ತದೆ. ಮುಂದಿನ ಗೇಟು ದಾಖಲೆ ತೆಗೆದು ನೋಡುತ್ತದೆ, ಅದರ ಮುಂದಿನದು ಬೆರಳು ಮತ್ತು ಕಣ್ಣು. ನಕಲಿ ಐಡಿ ಇರುವವನು ಎರಡು ದಾಳ ಹಾಕಬೇಕು. ಅಸಲಿ ಇರುವವನಿಗೆ ದಾಳವೇ ಇಲ್ಲ, ಸುಮ್ನೆ ದಾಟಿಹೋಗಬಹುದು.

ಸುಮ್ನೆ ದಾಟಿಹೋಗಬಹುದು! ನನ್ನ ಕೈಯಾರೆ ಬರೆದಿದ್ದೆ. ಮರುದಿನ ಆಯಿಯನ್ನು ಮನೆಗೆ ಕರೆದುಕೊಂಡು ಬರುವಾಗ ಆ ಸಾಲು ನೆನಪಾಗಿ ಹೊಟ್ಟೆಯಲ್ಲಿ ಹೇಗೋ ಆಯಿತು.

ಆಯಿ ಹುಟ್ಟಿದ್ದು ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿ ಹಿನ್ನೀರಿಗೆ ಆ ಓಣಿ ಮುಳುಗಡೆಯಾಯಿತು. ಹುಟ್ಟಿದಾಗ ಜಿಲ್ಲೆ ಬಿಜಾಪುರ. 1997ರಲ್ಲಿ ಬಾಗಲಕೋಟೆಯೇ ಜಿಲ್ಲೆಯಾಯಿತು, 2014ರಲ್ಲಿ ಬಿಜಾಪುರ ಹೋಗಿ ವಿಜಯಪುರ ಬಂತು. ಮೂರು ಕಾಗದದಲ್ಲಿ ಅವಳ ಹೆಸರು ಮೂರು ಥರ ಇದೆ. ಮದುವೆಯಾಗಿ ಗುಳೇದಗುಡ್ಡಕ್ಕೆ ಹೋಗಿ ಮಗ್ಗದ ಮೇಲೆ ಖಣ ನೇಯ್ದಳು, ಬೆರಳಿನ ಗೆರೆ ಸವೆದವು. ದುಡಿದಿದ್ದಕ್ಕೆ ಸವೆದದ್ದು, ಅಲ್ವಾ? ಆ ದುಡಿಮೆಯೇ ಈಗ ಅವಳಿಗೆ ಅಡ್ಡ ಬಂದಿದೆ. ನಮ್ಮ ಆಟದಲ್ಲಿ ನಕಲಿ ಐಡಿ ಮಾಡಿಕೊಡುವವನು ಇದ್ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಒಂದೇ ಹೆಸರು, ಮುಳುಗದ ಊರು, ಸವೆಯದ ಗೆರೆ. ಮಷೀನಿಗೆ ಹೇಗೆ ಬೇಕೋ ಹಾಗೇ ಮಾಡುತ್ತಾನೆ. ಅದಕ್ಕೇ ಅದು ಸಲೀಸಾಗಿ ದಾಟುತ್ತದೆ.

ಬೆರಳಚ್ಚಿನ ಮಷೀನು ಎರಡು ರೀತಿ ತಪ್ಪಬಹುದು. ಸುಳ್ಳನ್ನು ಒಳಗೆ ಬಿಡಬಹುದು, ನಿಜವನ್ನು ಹೊರಗೆ ನಿಲ್ಲಿಸಬಹುದು. ಒಂದನ್ನು ಕಡಿಮೆ ಮಾಡಲು ಬಿಗಿ ಮಾಡಿದರೆ ಇನ್ನೊಂದು ಜಾಸ್ತಿಯಾಗುತ್ತದೆ. ನಾನು ಮೊದಲನೆಯದಕ್ಕೆ ಮಾತ್ರ ರೂಲ್ಸ್ ಬರೆದಿದ್ದೆ. ಎರಡನೆಯದು ನೆನಪಿಗೇ ಬಂದಿರಲಿಲ್ಲ.

ಆ ರಾತ್ರಿಯೇ ತಿದ್ದಿದೆ. ಈಗ ಅಸಲಿ ಐಡಿಯವರೂ ಎರಡು ದಾಳ ಹಾಕಬೇಕು. ಒಟ್ಟು 3 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೇಟು ತೆರೆಯಲ್ಲ, ಅಂದರೆ 12ಕ್ಕೆ ಒಂದು ಸಲ. ಜೊತೆಗೆ ಬೆರಳು ಸವೆದವರಿಗೆ ‘ಸವೆತ’ ಅಂತ ಹೊಸ ಅಂಕ, ಅದು ಆ 3ಕ್ಕೆ ಕೂಡುತ್ತದೆ. ಸವೆತ 2 ಇದ್ದರೆ 5ರವರೆಗೂ ಸೋಲು, 36ಕ್ಕೆ 10 ಸಲ. ಗೇಟು ಬಿಗಿಯಾದಷ್ಟೂ ಈ ಗಡಿ ಮೇಲಕ್ಕೆ ಹೋಗುತ್ತದೆ.

ಗೆಳೆಯನಿಗೆ ಇದು ಸೇರಲಿಲ್ಲ. ‘ಖರೇ ಮನಷ್ಯಾ ಯಾಕ್ಲೇ ದಾಳ ಹಾಕ್ಬೇಕು? ಇದು ಅನ್ಯಾಯ ಆತು’ ಅಂದ. ಅನ್ಯಾಯವೇ, ಅದಕ್ಕೇ ಬರೆದೆ ಅಂದೆ. ಒಳ್ಳೆ ಹುಡುಗ ಅವನು. ಅವನ ಬೆರಳು ಇನ್ನೂ ಯಾವ ಮಷೀನೂ ಬೇಡ ಅಂದಿಲ್ಲ.

ಗುರುವಾರ ಮತ್ತೆ ಹೋದೆವು. ಆಯಿ ರಾತ್ರಿಯೇ ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡಿದ್ದಳು. ಆರನೇ ಸಲಕ್ಕೆ ಎಡಗೈ ಉಂಗುರಬೆರಳು ತಗೊಂಡಿತು. ಅಂಗಡಿಯವರಿಗೆ ಆಯಿಗಿಂತ ಜಾಸ್ತಿ ಖುಷಿ.

ಒಂದು ರೂಲ್ ಮಾತ್ರ ಇನ್ನೂ ಬಾಕಿ ಇದೆ. ಗೇಟಿನ ಹತ್ತಿರ ಗುರುತಿನವರು ನಿಂತು ‘ಈಕಿ ನಮ್ಮಾಕಿ’ ಅಂದರೆ ದಾಳದ ಒಟ್ಟಿಗೆ ಎಷ್ಟು ಕೂಡಿಸಬೇಕು? ಸುಳ್ಳಾದರೆ ಅವರ ಕ್ಲಿಯರೆನ್ಸ್ ಒಂದು ಮೆಟ್ಟಿಲು ಇಳಿಯಬೇಕು, ಅದು ಸರಿ. ಕೂಡಿಸುವುದಕ್ಕೆ 1 ಸಾಕು ಅಂತಾರೆ ಗೆಳೆಯರು. ನಾನು 4 ಅಂತ ಬರೆದಿಟ್ಟಿದ್ದೇನೆ. ಭಾನುವಾರ ಜಗಳ ಆಗಬಹುದು, ಆಗಲಿ. ನಾನು ಇಳಿಸುವುದಿಲ್ಲ.